ದೀಪ್ತಿ ಕೇಳಿದ ಪ್ರಶ್ನೆ

ಪಟ್ಟಂ, ತಿರುವನಂತಪುರ
14 ಜುಲೈ 2025

ಚಿ. ದೀಪ್ತಿಗೆ,

ಅಪ್ಪನ ಪ್ರೀತಿಯ ನೆನಪುಗಳು. ನೀನು ಫೋನಿನಲ್ಲಿ ಪ್ರಶ್ನೆ ಕೇಳಿ ಹತ್ತೊಂಬತ್ತು ದಿನಗಳಾದವು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಮೊಣಕಾಲು ನೋವು, ಕರೆಂಟಿಲ್ಲ ಎಂಬ ನೆಪಗಳನ್ನು ವಿದ್ಯಾರ್ಥಿಗಳಿಂದಲೇ ಒಪ್ಪಿದವನಲ್ಲ ನಾನು. ನನಗೂ ಅವು ಸಲ್ಲವು.

ಕೊಚ್ಚಿಯಲ್ಲಿ ಮಳೆ ಜೋರೆಂದು ಪತ್ರಿಕೆಯಲ್ಲಿ ಓದಿದೆ. ಕಂಪನಿಯ ಕ್ಯಾಬು ಬಾರದ ದಿನ ಕಾಕ್ಕನಾಡಿನ ರಸ್ತೆಯಲ್ಲಿ ಆಟೋಕ್ಕಾಗಿ ನೆನೆಯುತ್ತ ನಿಲ್ಲಬೇಡ.

ನಿನ್ನ ಮಾತು ಅಕ್ಷರಶಃ ನೆನಪಿದೆ. “ಅಪ್ಪಾ, ಅಮ್ಮ ಹೋಗಿ ವರ್ಷ ಆಯ್ತು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ನೀವೇ ಹಾಗೆ ಬೆಳೆಸಿದ್ದಲ್ವಾ! ಆದ್ರೆ ಅಮ್ಮನಿಗೆ ಬೇಕಿತ್ತು ಅಂತಾದ್ರೆ ಕರ್ಕಾಟಕ ಅಮಾವಾಸ್ಯೆಗೆ ಎಲ್ಲರ ಹಾಗೆ ಆಲುವಾ ಹೊಳೆಗೆ ಹೋಗಿ ಪಿತೃಬಲಿ ಇಡ್ತೇನೆ. ಬೇಡ ಅಂದಿದ್ರೆ ಇಲ್ಲ. ನೀವು ಸುಳ್ಳು ಹೇಳುವವರಲ್ಲ. ಹೇಳಿ.” ಅಮಾವಾಸ್ಯೆಗೆ ಇನ್ನು ಹತ್ತೇ ದಿನ.

ಅಂದು ನಾನು ಉತ್ತರಿಸುವ ಬದಲು, ಪಿತೃಲೋಕದ ಕಲ್ಪನೆ ಹೇಗೆ ಬೆಳೆಯಿತೆಂದು ಇಪ್ಪತ್ತು ನಿಮಿಷ ಪಾಠ ಮಾಡಿದೆ. ನೀನು “ಆಯ್ತಪ್ಪಾ” ಎಂದು ಫೋನಿಟ್ಟೆ.

ಜೂನ್ ಕೊನೆಯ ಭಾನುವಾರ ನಮ್ಮ ವಿಚಾರಕೂಟ ಸೇರಿತ್ತು. ಧರ್ಮಶ್ರದ್ಧೆ ಮತ್ತು ಸೆಕ್ಯುಲರ್ ಬದುಕು ಎಂಬುದು ವಿಷಯ. ನಾನು ನಿನ್ನ ಅಮ್ಮನನ್ನೇ ಉದಾಹರಿಸಿದೆ. ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟು, ಚಿತೆ, ಅಸ್ಥಿ, ಶ್ರಾದ್ಧ ಯಾವುದೂ ಇಲ್ಲದೆ ಹೊರಟ ವಿಚಾರವಂತೆ ಎಂದೆ. ಚಪ್ಪಾಳೆ ಬಿತ್ತು. ಮುಗಿದ ಮೇಲೆ ನಮ್ಮ ಕಾಸರಗೋಡಿನ ಕೃಷ್ಣಾನಂದರು ಚಹಾದ ಲೋಟ ಹಿಡಿದು ಬಂದರು. ಸೆಕ್ರೆಟೇರಿಯಟ್ಟಿನಿಂದ ನಿವೃತ್ತರಾದವರು, ಬೆಳಗ್ಗೆ ದೇವಸ್ಥಾನ, ಸಂಜೆ ನಮ್ಮ ಕೂಟ, ಎರಡನ್ನೂ ತಪ್ಪಿಸದ ಆಸಾಮಿ.

“ಮಾಷ್ಟ್ರೇ, ಭಾಷಣ ಲಾಯ್ಕಾಯ್ತು. ಆದ್ರೆ ಚಂದ್ರಾವತಕ್ಕ ಎಂಥ ಹೇಳಿದ್ರು ಅಂತ ಒಂದು ಮಾತೂ ಇಲ್ವಲ್ಲ ಮಾರಾಯ್ರೆ?”

“ಅವಳ ಸಹಿಯೇ ಅವಳ ಮಾತು” ಎಂದೆ.

“ನಮ್ಮ ದೇವರಿಗಾದ್ರೂ ನಾವು ಆಗಾಗ ಎದುರು ಮಾತಾಡ್ಲಿಕ್ಕುಂಟು, ನಿಮ್ಗೆ ಅದೂ ಇಲ್ಲ” ಎಂದು ನಕ್ಕರು. ನಾನು ನಗಲಿಲ್ಲ.

ಮರುದಿನ ಎದುರು ಫ್ಲಾಟಿನ ನಿರ್ಮಲ ಒಂದು ಸಣ್ಣ ಹಿತ್ತಾಳೆಯ ದೀಪ ತಂದು ಮೇಜಿನ ಮೇಲಿಟ್ಟಳು. “ಮಾಷೇ, ಇದು ಚಂದ್ರಾವತಿ ಚೇಚಿಯದ್ದು. ದಿನಾ ಸಂಜೆ ನಮ್ಮಲ್ಲಿಗೆ ಬಂದು ಹಚ್ಚುತ್ತಿದ್ದರು. ನಿಮಗೆ ಗೊತ್ತಿತ್ತಲ್ಲ?” ಎಂದು ಮಲಯಾಳದಲ್ಲಿ ಕೇಳಿದಳು. ಗೊತ್ತಿತ್ತು ಎಂದೆ. ಗೊತ್ತಿರಲಿಲ್ಲ. ಹನ್ನೊಂದು ವರ್ಷ “ಸ್ವಲ್ಪ ನಡೆದು ಬರ್ತೇನೆ” ಎಂದು ಅವಳು ಹೊರಡುತ್ತಿದ್ದುದು ಎದುರಿನ ಬಾಗಿಲಿಗೆ. ನಾನೆಂದೂ ಪೂಜೆ ಕೂಡದೆಂದವನಲ್ಲ, ದೀಪ್ತಿ, ನಗುತ್ತಿದ್ದೆ, ಅಷ್ಟೆ.

ಇಷ್ಟಾದರೂ ನನ್ನ ನಿಲುವು ಸಡಿಲವಾಗಿಲ್ಲ. ದೀಪ ಹಚ್ಚಿದವಳು ಬಲಿಯನ್ನೂ ಬಯಸಿದ್ದಳೆಂದು ತೀರ್ಮಾನಿಸಲಾಗದು. ಕಾಲೇಜಿನ ಫಾರ್ಮಿಗೆ ಅವಳೇ ಕನ್ನಡದಲ್ಲಿ, ದುಂಡಗೆ ಸಹಿ ಹಾಕಿದ್ದಾಳೆ. ಆದ್ದರಿಂದ ನೀನು ಆಲುವಾದವರೆಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು. ಆಶೀರ್ವಾದ ಎಂಬ ಪದವನ್ನು ನಿನಗೆ ಹಿಡಿಸುವ ಯಾವ ಅರ್ಥದಲ್ಲಾದರೂ ಸ್ವೀಕರಿಸು. ಅದು ನಿನಗೆ ಸದಾ ಇದೆ.

ಇತಿ,
ನಿನ್ನ ಅಪ್ಪ
ಹರಿನಾರಾಯಣ

ಪುನಶ್ಚ: ಲಕೋಟೆಯನ್ನು ಅಂಟಿಸಿ ಮತ್ತೆ ಒಡೆದಿದ್ದೇನೆ. ಹೋಗು ದೀಪ್ತಿ. ಅವಳು ಕೇಳಿದ್ದಳು. ಆಸ್ಪತ್ರೆಯಲ್ಲಿ, ಕಡೆಯ ದಿನ ಮಧ್ಯಾಹ್ನ, ನೀನು ಊಟಕ್ಕೆಂದು ಕೆಳಗಿಳಿದಿದ್ದಾಗ ನನ್ನ ಕೈ ಹಿಡಿದು, “ಶರೀರ ಕೊಡಿ, ನಿಮ್ಮ ಮಾತಿನ ಹಾಗೇ ಆಗ್ಲಿ. ನೀವು ಬೇಡ, ದೀಪ್ತಿ ಒಂದು ಸರ್ತಿ ಎಳ್ಳುನೀರು ಬಿಡ್ಲಿ. ಅಷ್ಟು ಸಾಕು ನನಗೆ” ಎಂದಳು. “ಕಡೆಗೂ ಸೋತೆಯಲ್ಲ!” ಎಂದೆ ನಾನು. ತಮಾಷೆಗೆ ಅಂದದ್ದೆಂದು ಇಡೀ ವರ್ಷ ನನಗೆ ನಾನೇ ಹೇಳಿಕೊಂಡೆ. ಅವಳು ಕೈ ಬಿಟ್ಟು ಗೋಡೆಯ ಕಡೆಗೆ ತಿರುಗಿದಳು. ನೀನು ಮೇಲೆ ಬಂದಾಗ “ನಿದ್ದೆ ಮಾಡಿದ್ದಾಳೆ, ಮಾತಾಡಿಸಬೇಡ” ಎಂದೆನಲ್ಲ, ಅವಳು ಎಚ್ಚರವಾಗಿದ್ದಳು.