ಹೆಪ್ಪಿಗೆ ತೆಗೆದಿಟ್ಟ ತಂಬಿಗೆ

ಉಚ್ಚಿಲ, ೧೨-೨-೨೦೦೪

ಅಕ್ಕಾ, ಶರಣು.

ನಾನೀಗ ಸಿಗಡಿ ಸಾಕುವ ಹೊಂಡದಲ್ಲಿ ಕೆಲಸಕ್ಕಿದ್ದೇನೆ. ಇಲ್ಲಿ ಸೋಯಾ ಹಿಟ್ಟಿಗೆ ಬೆಲ್ಲದ ನೀರು ಮತ್ತು ಒಂದು ಪೊಟ್ಟಣದ ಪುಡಿ ಕಲಸಿ, ಡ್ರಮ್ಮಿನಲ್ಲಿ ಹುಳಿ ಬರಿಸಿ ಸಿಗಡಿಗೆ ತಿನ್ನಿಸುತ್ತಾರೆ. ಹೋದ ವಾರ ಪಕ್ಕದ ಹೊಂಡದ ಸಿಗಡಿಗಳೆಲ್ಲ ಬಿಳಿ ಚುಕ್ಕೆ ಬಂದು ಸತ್ತವು. ನಮ್ಮವಕ್ಕೆ ಏನೂ ಆಗದಿರಲೆಂದು ಮೊನ್ನೆ ಆ ಹುಳಿ ಹಿಟ್ಟನ್ನು ಅಂಬಲಿಯಂತೆ ಚೆನ್ನಾಗಿ ಕುದಿಸಿಬಿಟ್ಟೆ. ಹಬೆ ನೋಡಿ ಧಣಿ ಸುಕೇಶ್ ಓಡಿ ಬಂದರು.

"ಎಂತ ಮಾಡಿದ್ದು ಮಾರಾಯ್ತಿ? ಸಿಗಡಿಯ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವ ಇದರಲ್ಲಿ ಉಂಟು. ಎಲ್ಲ ಕೊಂದುಬಿಟ್ಟೆಯಲ್ಲ."

"ಹಸೀ ಹಿಟ್ಟು ತಿಂದ್ರ ಹೊಟ್ಟಿ ನೋಯ್ತದಲ್ರೀ" ಎಂದೆ. ಅವರು ಖಾಲಿ ಪೊಟ್ಟಣ ತೋರಿಸಿದರು. ಆ ಪುಡಿ ಮತ್ತೆ ಬರಲು ಒಂದು ವಾರ ಬೇಕಂತೆ.

ಆದರೆ ಅವ್ವ ಹುಳಿ ಗಡಿಗೆಯನ್ನು ಎಂದೂ ಪೂರ್ತಿ ಬರಿದು ಮಾಡುತ್ತಿರಲಿಲ್ಲವಲ್ಲ. ನಾನೂ ಕುದಿಸುವ ಮೊದಲು ಒಂದು ತಂಬಿಗೆ ಹೆಪ್ಪಿಗೆಂದು ತೆಗೆದಿಟ್ಟಿದ್ದೆ. ಅದನ್ನು ಹೊಸ ಹಿಟ್ಟಿಗೆ ಸುರಿದು ಮುಚ್ಚಿದ್ದೇನೆ. ಹೆಪ್ಪು ಹಿಡಿದರೆ ಒಳಗೆ ಗುಳುಗುಳು ಸದ್ದು ಕೇಳಬೇಕು. ಎರಡು ದಿನದಿಂದ ಧಣಿ ನನ್ನೊಡನೆ ಮಾತಾಡಿಲ್ಲ, ನಾನು ಡ್ರಮ್ಮಿನ ಬಳಿಯಿಂದ ಕದಲಿಲ್ಲ.

ಹಬೆ ತಾಗಿದ ಕೈ ವಾಸಿಯಾಗುತ್ತಿದೆ. ನೀನು ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ಇಷ್ಟು ಬರೆಯುವಷ್ಟರಲ್ಲಿ ಧಣಿ ಬಂದು, ನನ್ನ ಕಡೆ ನೋಡದೆ, ಡ್ರಮ್ಮಿಗೆ ಕಿವಿಯಿಟ್ಟು ಬಹಳ ಹೊತ್ತು ಬಾಗಿ ನಿಂತರು. "ಜೀವ ಉಂಟು" ಎಂದರು. ಕಾರ್ಡು ತುಂಬಿತು.

ನಿನ್ನ ತಂಗಿ ರತ್ನವ್ವ