ಏಳನೇ ಮನೆ

ಜನವರಿ 14, 2021. ಗುರುವಾರ

ಇವತ್ತಿಗೆ ನಾಲ್ಕನೇ ಮನೆ ಮುಗಿಯಿತು. ಮೆಕೆಂಟಿಗಳು, ಮತ್ತೆ ಮೆಕೆಂಟಿಗಳು. 1901ರ ಜನಗಣತಿ ಹಾಳೆ ನೋಡಿ ನೋಡಿ ಕಣ್ಣುರಿ. ಬರೆದವನದು ಕಾಗೆ ಕಾಲು, ಗುಬ್ಬಿ ಕಾಲು ಅಕ್ಷರ.

ಒಪ್ಪಿಕೊಂಡದ್ದು ನಾನೇ. ನಮ್ಮ ಮನೆ ಮಾಲೀಕರು ಫ್ರ್ಯಾಂಕ್ ಮೆಕೆಂಟಿ, ಎದುರುಗಡೆಯೇ ಇರುವ ರಿಟೈರ್ಡ್ ಮೇಷ್ಟ್ರು. ಐರ್ಲೆಂಡಿನ ಈ ನಾಕ್‌ಡೆರಿನ್ ಹಳ್ಳಿಯ ಹನ್ನೊಂದು ಮನೆಗಳಲ್ಲಿ ಯಾವ ಕಾಲಕ್ಕೆ ಯಾವ ಮನೆತನ ಇತ್ತು ಎಂದು ಪುಸ್ತಕ ಮಾಡಬೇಕಂತೆ. ಕಂಪ್ಯೂಟರ್ ಬಾರದು. ನನಗೂ ಕೆಲಸವಿಲ್ಲ, ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ.

ಗೇಟಿನಾಚೆ ನಿಂತು ಹೇಳಿದ್ದರು — "ಕೊನೇ ಕಾಲಂ 2021. ಏಳನೇ ಮನೆಗೆ ನಿಮ್ಮ ಹೆಸರು ಬರುತ್ತೆ, ವನಜಾ."

ಮೂರು ವರ್ಷದಿಂದ ಇಲ್ಲಿದ್ದೇವೆ. ಯಾರೂ ಹೀಗೆ ಅಂದಿರಲಿಲ್ಲ. ಒಳಗೆ ಬಂದು ಸ್ವಲ್ಪ ಅತ್ತೆ.

ಜನವರಿ 29

ಏಳನೇ ಮನೆ ಸಿಕ್ಕಿತು. 1901ರಲ್ಲಿ ನಮ್ಮ ಮನೆಯಲ್ಲಿದ್ದವಳು ಬ್ರಿಜೆಟ್ ಟಿಯರ್ನನ್. ವಿಧವೆ, 38, ಹೊಲಿಗೆ ಕೆಲಸ, ಓದು ಬಾರದು. ಮೂವರು ಮಕ್ಕಳು. ಕೊನೆಯವಳು ರೋಸ್, ಎಂಟು ವರ್ಷ... ನಮ್ಮ ಮಗಳು ಮಾನ್ಯಾಳಷ್ಟೇ. 1911ರ ಹಾಳೆಯಲ್ಲಿ ಈ ಸಂಸಾರವೇ ಇಲ್ಲ.

ಕುಣಿದುಕೊಂಡು ಹೋಗಿ ಫ್ರ್ಯಾಂಕ್‌ಗೆ ಹೇಳಿದೆ.

"ಅವ್ರು ನಮ್ಮಜ್ಜನ ಬಾಡಿಗೆಯವ್ರು. ಬಂದು ಹೋಗೋರು. ಖಾಲಿ ಅಂತ ಹಾಕಿ."

"ಹಾಳೆಯಲ್ಲಿ ಹೆಸರಿದೆಯಲ್ಲ?"

"ಇರಲಿ, ಗ್ರ್ಯಾಂಡ್. ಆದ್ರೂ ಖಾಲಿ." ಇಲ್ಲಿಯವರಿಗೆ 'ಸರಿ ಬಿಡಿ' ಅನ್ನುವುದಕ್ಕೂ ಗ್ರ್ಯಾಂಡ್.

ಹಾಕಿದೆ. ಅವರ ಪುಸ್ತಕ, ನಾನ್ಯಾಕೆ ಜಗಳ ಕಾಯಲಿ.

ಫೆಬ್ರವರಿ 23

ಮುಗಿಯಿತು! ಕೊನೆಗೆ ತುಂಬಿದ್ದು ನಮ್ಮದೇ ಸಾಲು. ಮನೆತನದ ಹೆಸರು ಅನ್ನುವ ಕಡೆ ಏನು ಹಾಕುವುದು? ನಮಗಿರುವುದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿರುವಂತೆ ಮಾವನ ಹೆಸರು ಹಾಕಿದೆ — ರಾಮಲಿಂಗಪ್ಪ. ಚನ್ನಪಟ್ಟಣ ಬಿಟ್ಟು ಕದಲದ ಮನುಷ್ಯ, ಐರ್ಲೆಂಡಿನಲ್ಲಿ ಮನೆತನವಾದರು. ನಾನೂ ಇವರೂ ನಕ್ಕಿದ್ದೇ ನಕ್ಕಿದ್ದು.

ಮಾವನಿಗೆ ಫೋನ್ ಮಾಡಿದೆ. "ನನ್ ಹೆಸ್ರು ಅಲ್ಯಾಕಮ್ಮ," ಅಂದರು. ಆಮೇಲೆ ಎರಡು ಸಲ ಕೇಳಿದರು — "ಪ್ರಿಂಟಾಯ್ತದಾ?"

ಫೈಲ್ ಕಳಿಸಿದೆ.

ಮೇ 9

ಮಾವ ಆಸ್ಪತ್ರೆ ಸೇರಿ ಆರು ದಿನ. ಕೋವಿಡ್, ಆಕ್ಸಿಜನ್. ಊರಿಗೆ ಹೋಗುವ ಹಾಗಿಲ್ಲ. ಇವರು ಊಟ ಬಿಟ್ಟಿದ್ದಾರೆ.

ಮೇ 21

ಮಾವ ಮನೆಗೆ ಬಂದರು, ದೇವರು ದೊಡ್ಡವನು. ಮೂರು ಮಾತಾಡಿದರೆ ಉಸಿರು ಸಾಲದು. ಆ ಮೂರರಲ್ಲಿ ಒಂದು — "ಪುಸ್ತಕ ಬಂತಾ?"

ಮೇ 27

ಬಂತು. ಫ್ರ್ಯಾಂಕ್ ಮಾಸ್ಕ್ ಹಾಕಿಕೊಂಡು ಬಂದು ಗೇಟಿನ ಮೇಲಿಟ್ಟು ಹೋದರು. ಮುನ್ನುಡಿಯಲ್ಲಿ ಟೈಪಿಂಗಿಗೆ ನೆರವಾದ "ನೆರೆಯವರಿಗೆ" ವಂದನೆ. ಹೆಸರಿಲ್ಲ. ಇರಲಿ ಅಂದುಕೊಂಡು ಕೊನೆಯ ಪುಟ ತೆಗೆದೆ.

ಏಳನೇ ಮನೆ, 2021 — ಖಾಲಿ.

ನಾನು ಟೈಪ್ ಮಾಡಿ ಕಳಿಸಿದ ಸಾಲು ಅಳಿಸಿದ್ದಾರೆ. ಯಾರ ಕೈಲಿ ಮಾಡಿಸಿದರೋ. ಮೈಯೆಲ್ಲ ಉರಿದು ಹೋಯಿತು. ಒಲೆ ಮೇಲಿನ ಸಾರು ಹಾಗೇ ಬಿಟ್ಟು ರಸ್ತೆ ದಾಟಿದೆ.

"ಅದು ಊರಿನ ಹೆಸರುಗಳ ಪುಸ್ತಕ, ವನಜಾ. ನೀವು ಇನ್ನೆರಡು ವರ್ಷಕ್ಕೆ ಡಬ್ಲಿನ್ ಕಡೆ ಹೋಗೋರು."

"ಹಾಕ್ತೀನಿ ಅಂದಿದ್ದು ನೀವೇ ಅಲ್ವಾ?"

"ಜಾಗ ಸಾಲ್ಲಿಲ್ಲ."

ಖಾಲಿ ಎಂದು ಬರೆಯಲು ಜಾಗವಿತ್ತು. ಮೂಗಿಗೆ ತುಪ್ಪ ಸವರಿ ಎರಡು ತಿಂಗಳು ದುಡಿಸಿಕೊಂಡರು. ನಾವು ಕೂತು ಉಣ್ಣುತ್ತಿರುವ ಮನೆಯನ್ನು ಖಾಲಿ ಅನ್ನುವುದೇ, ಕಿಟಕಿಯಿಂದ ದಿನಾ ಕೈ ಬೀಸುವ ಮನುಷ್ಯ...

ಇವರದು ಒಂದೇ ಮಾತು — "ಬಿಡೇ ವನಜಾ. ಈಗ ಬೇರೆ ಮನೆ ಸಿಗೋದು ಕಷ್ಟ ಐತೆ. ಸುಮ್ನಿರು." ಇವರ ಅಪ್ಪನ ಹೆಸರು ಹೋಗಿದೆ. ಸುಮ್ಮನಿರಬೇಕಂತೆ.

ಮೇ 28. ಬೆಳಿಗ್ಗೆ 11

ಲ್ಯಾಪ್‌ಟಾಪಿನಲ್ಲಿ ಹಳೆಯ ಫೈಲ್ ತೆಗೆದೆ. ನಮ್ಮ ಸಾಲು ಇದೆ. ಕಣ್ಣು 1901ರ ಕಾಲಂಗೆ ಹೋಯಿತು. ಅಲ್ಲೂ ಏಳನೇ ಮನೆ. ಅಲ್ಲೂ ಅದೇ ಪದ. ಅದನ್ನು ಒತ್ತಿದ್ದು ಫ್ರ್ಯಾಂಕ್ ಅಲ್ಲ, ಈ ಬೆರಳು. ಅವತ್ತು ನನಗೆ ಏನೂ ಅನಿಸಿರಲಿಲ್ಲ. ನಾಚಿಕೆಯಾಗುತ್ತಿದೆ.

ಅಳಿಸಿದೆ. ಬ್ರಿಜೆಟ್ ಟಿಯರ್ನನ್, 38. ಮೇರಿ, 14. ಥಾಮಸ್, 11. ರೋಸ್, 8. ಯಾರು ಓದುತ್ತಾರೆ? ಊರಿನವರ ಕೈಗೆಲ್ಲ ಪುಸ್ತಕ ಸೇರಿಯಾಗಿದೆ.

ಬರೆಯುತ್ತಿರುವಾಗಲೇ ಮಾವನ ವಿಡಿಯೋ ಕಾಲ್. ಪುಸ್ತಕ ಬಂದ ಸುದ್ದಿ ಮಾನ್ಯಾ ಹೇಳಿಬಿಟ್ಟಿದ್ದಾಳೆ. ದಿಂಬಿಗೆ ಒರಗಿ ಕೂತಿದ್ದಾರೆ, ಇಸ್ತ್ರಿ ಅಂಗಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು. "ಎಲ್ಲೈತಮ್ಮ, ಆ ಪುಟ ತೋರ್ಸು ನೋಡಾಣ."

ಪುಸ್ತಕ ಪಕ್ಕದಲ್ಲೇ ಇದೆ. ಒಂದು ನಿಮಿಷ ಮಾವ, ಅಂದೆ. ಕಾಯುತ್ತಿದ್ದಾರೆ. ನಾನು ಫೋನನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿ, ಏಳನೇ ಮನೆಯ ಸಾಲು ತೋರಿಸಿದೆ.