ಹಲ್ಲುಚಿಪ್ಪು

ಮಾರ್ಚ್ 3, ಸಂಜೆ

ಇವತ್ತೂ ಸೊಂಟದವರೆಗೆ ನೀರು. ನಲವತ್ತಾರು ಕಪ್ಪೆಚಿಪ್ಪು. ಎಲ್ಲಾ ಖಾಲಿ. ಎಡಗಿವಿಗೆ ಹತ್ತಿ ತುರುಕಿಕೊಂಡೇ ಇಳಿದೆ, ಆದರೂ ಒಳಗೆ ಗುಂಯ್ ಅಂತಿದೆ.

ಅಗ್ನಿಶಾಮಕ ದಳದಲ್ಲಿ ಹದಿನೇಳು ವರ್ಷ ಮುಳುಗು ಹಾಕಿದ ಕಿವಿ. ಕಿವಿತಮಟೆ ಹರಿದ ಮೇಲೆ ಆಳಕ್ಕೆ ಹೋಗೋ ಹಾಗಿಲ್ಲ. ಈಗ ಸೇತುವೆ ಸರ್ವೆಗೆ ನದಿ ತಳ ತಡಕೋ ಕೆಲಸ.

ಅಕ್ಕ ಬಡಿಸುತ್ತಾ ಅಂದಳು, “ಹೆಣ ಹುಡುಕ್ತಿದ್ದೋನು... ಕೊನೆಗೂ ಕೈಗೆ ಚಿಪ್ಪು ಬಂತು ನೋಡು.” ತಾನೇ ನಕ್ಕಳು. ನಾನೂ ನಕ್ಕೆ. ತುಂಬಾ ದಿನ ಆಗಿತ್ತು.

ಮಾರ್ಚ್ 8

ಮ್ಯೂಸಿಯಂ ಮೇಡಂ ಹತ್ತಿರ ಚಿಪ್ಪು ಗುರುತಿಸೋ ಪಾಠ. ಡ್ರಾಯರ್ ಎಳೆದರೆ ಬರೀ ಚಿಪ್ಪು, ಒಂದೊಂದಕ್ಕೂ ಚೀಟಿ. ಸರ್ವೆಯಲ್ಲಿ ನೋಡಬೇಕಾದದ್ದು ಎರಡೇ ಬಗೆ. ತೆಳುಚಿಪ್ಪು— ಎಲ್ಲಾ ಕಡೆ ಇರುತ್ತೆ. ಹಲ್ಲುಚಿಪ್ಪು— ಈ ನದಿಯಲ್ಲಿ ಮಾತ್ರ, ಇನ್ನೂ ಉಳಿದಿದ್ದರೆ. ಅದು ಸಿಕ್ಕರೆ ಸೇತುವೆಯ ಕಂಬ ಬೇರೆ ಕಡೆಗೆ ಹೋಗಲೇಬೇಕು, ಕಾನೂನು.

ವ್ಯತ್ಯಾಸ ಇರೋದು ಒಳಗೆ, ಎರಡು ಹೋಳು ಸೇರೋ ಕೀಲಿನ ಹತ್ತಿರ. ಹಲ್ಲುಚಿಪ್ಪಿಗೆ ಅಲ್ಲಿ ಹಲ್ಲಿನಂಥ ಏಣು. ಆದರೆ ಜೀವ ಇರೋದನ್ನು ತೆರೆದರೆ ಸಾಯುತ್ತೆ.

“ಯಾವ ಕಾರಣಕ್ಕೂ ತೆರೀಬೇಡಿ. ಹೊರಗೆ ಕೀಲಿನ ಮೇಲಿನ ಉಬ್ಬು, ನೆತ್ತಿ, ಮುಟ್ಟಿ ನೋಡಿ, ತೂಕ ನೋಡಿ. ತೆಳುಚಿಪ್ಪು ನುಣುಪು, ಹಗುರ; ಹಲ್ಲುಚಿಪ್ಪು ಒರಟು, ಭಾರ.”

ಕಣ್ಣಿಗೆ ಬಟ್ಟೆ ಕಟ್ಟಿ ಹತ್ತು ಚಿಪ್ಪು ಕೊಟ್ಟರು. ನಾಲ್ಕು ಸರಿ.

“ನಿಮ್ಮ ಕೈ ಇನ್ನೂ ಒಂದನೇ ಕ್ಲಾಸು” ಅಂದರು.

ಮಾರ್ಚ್ 14

ಹತ್ತಕ್ಕೆ ಒಂಬತ್ತು! ಮೇಡಂ ಚಹಾ ತರಿಸಿದರು.

ಚಿಪ್ಪಿನ ಮೇಲೆ ವರ್ಷಕ್ಕೊಂದು ಗೆರೆಯಂತೆ, ಮರದ ಹಾಗೆ. ಮರಿಗಳು ಮೊದಲು ಒಂದು ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೀಬೇಕು. ಅದೊಂದೇ ಜಾತಿ ಮೀನು, ಬೇರೇದು ಆಗೋಲ್ಲ. ಕೆಳಗೆ ಅಣೆಕಟ್ಟೆ ಕಟ್ಟಿದ ಮೇಲೆ ಆ ಮೀನು ಮೇಲಕ್ಕೆ ಬಂದಿಲ್ಲ. ಮೂವತ್ತು ವರ್ಷದಿಂದ ಮರಿ ಇಲ್ಲ.

“ಹಾಗಾದ್ರೆ ಸಿಕ್ಕಿದರೂ ಮುದಿಯವೇ?”

“ಮುದಿಯವೇ.”

“ಮತ್ತೆ ಯಾಕೆ ಹುಡುಕೋದು ಮೇಡಂ?”

ಕನ್ನಡಕ ಒರೆಸಿಕೊಂಡರು. “ನೀವು ನೀರಲ್ಲಿ ಹೋದೋರನ್ನ ಯಾಕೆ ಹುಡುಕ್ತಿದ್ರಿ?”

ಇನ್ನೊಂದು ಚಿಪ್ಪು ಕೈಗೆ ತಗೊಂಡೆ.

ಮಾರ್ಚ್ 22

ಮೇಡಂ ಆಸ್ಪತ್ರೆಯಲ್ಲಿ. ಹೊಟ್ಟೆಯಲ್ಲಿ ಗಡ್ಡೆ, ನಾಳೆ ಆಪರೇಷನ್. ಫೋನ್‌ನಲ್ಲಿ ದನಿ ನೂಲಿನಷ್ಟು. “ಅನುಮಾನ ಬಂದ್ರೆ ಅನುಮಾನ ಅಂತಲೇ ಬರೀರಿ. ನಾಚಿಕೆ ಬೇಡ.”

ಸರ್ವೆ ಪಟ್ಟಿ ಮೂವತ್ತೊಂದನೇ ತಾರೀಕಿಗೆ ಎಂಜಿನಿಯರ್‌ಗೆ ಕೊಡಬೇಕು. ಇನ್ನು ನಾನೊಬ್ಬನೇ.

ಮಾರ್ಚ್ 29, ಮಧ್ಯಾಹ್ನ

ಸಿಕ್ಕವು. ಜೀವ ಇರೋವು! ಕಂಬ ಬರೋ ತಿರುವಿನಲ್ಲೇ, ಜಲ್ಲಿಯಲ್ಲಿ ಅರ್ಧ ಹೂತು... ಮೂವತ್ತೊಂದು.

ಆದರೆ ನೆತ್ತಿ ಸವೆದು ನುಣ್ಣಗಾಗಿವೆ. ಮೈಮೇಲೆಲ್ಲಾ ಪಾಚಿ, ಸುಣ್ಣದ ಪದರ. ಭಾರ ಚಿಪ್ಪಿನದೋ, ಪದರದ್ದೋ? ಮ್ಯೂಸಿಯಂನಲ್ಲಿದ್ದವು ತೊಳೆದಿಟ್ಟ ಚಿಪ್ಪು, ಇವು ಹಾಗಿಲ್ಲ. ಒಂದನ್ನು ಹಿಡಿದು ಚಾಕು ಕೂಡ ತೆಗೆದೆ. ಅದು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿತು. ಮನಸ್ಸು ಬರಲಿಲ್ಲ. ಎಲ್ಲವನ್ನೂ ಇದ್ದಲ್ಲೇ ಇಟ್ಟೆ.

ಮಾರ್ಚ್ 31

ಎಂಜಿನಿಯರ್ ಆಫೀಸು. ‘ಅನುಮಾನ’ ಅಂತ ಬರೆದುಕೊಂಡು ಹೋಗಿದ್ದೆ.

“ಅನುಮಾನಕ್ಕೆ ಕಾಲಂ ಇಲ್ಲವಲ್ಲ. ಅದು ಅಥವಾ ಇದು. ಹೆಚ್ಚು ಯಾವುದರ ಹಾಗಿದೆ?”

ಮೇಡಂಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಆತ ಗಡಿಯಾರ ನೋಡಿದ. ಕಿವಿ ಬೇರೆ ಸಿಡಿಯುತ್ತಿತ್ತು...

ತೆಳುಚಿಪ್ಪು ಅಂತ ಬರೆದೆ. ಸಹಿ ಹಾಕಿದೆ.

ಏಪ್ರಿಲ್ 19

ಯಂತ್ರ ಇಳಿದು ನಾಲ್ಕು ದಿನ. ಇವತ್ತು ಹೋದೆ. ತಿರುವು ಇಲ್ಲ. ದಂಡೆ ಮೇಲೆ ಕೆಸರಿನ ಗುಡ್ಡ. ಅದರಲ್ಲಿ ಚಿಪ್ಪು, ಬಾಯಿ ಬಿಟ್ಟುಕೊಂಡು ಬಿದ್ದಿವೆ. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಕೀಲು ಒರೆಸಿದೆ.

ಹಲ್ಲು.

ಇನ್ನೊಂದು. ಹಲ್ಲು. ಕತ್ತಲಾಗುವವರೆಗೂ ಕೆದಕಿದೆ. ಇಪ್ಪತ್ತಾರು ಸಿಕ್ಕವು, ಇಪ್ಪತ್ತಾರಕ್ಕೂ ಹಲ್ಲು.

ಏಪ್ರಿಲ್ 20

ಅಕ್ಕ ಎರಡು ಸಲ ಊಟಕ್ಕೆ ಕರೆದಳು. ಮೂರನೇ ಸಲ ಪಕ್ಕದಲ್ಲಿ ಬಂದು ಕೂತಳು. “ಏನಾಯ್ತೋ?” ಹೇಳಿದೆ. ನಗಲಿಲ್ಲ.

ಏಪ್ರಿಲ್ 24

ತಪ್ಪಾಗಿದೆ, ಕೆಲಸ ನಿಲ್ಲಿಸಿ ಅಂತ ಕಾಗದ ಬರೆದು ಕೊಟ್ಟೆ. ಎಂಜಿನಿಯರ್ ಓದಿ, ಮಡಚಿ, ಫೈಲಿಗೆ ಸೇರಿಸಿದ. “ಈಗ ನಿಲ್ಲಿಸಿ ಉಳಿಸೋದೇನಿದೆ, ನೀವೇ ಹೇಳಿ.” ಒರಟಾಗಿ ಹೇಳಲಿಲ್ಲ. ಒರಟಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅಲ್ಲಿಂದ ಆಸ್ಪತ್ರೆಗೆ. ಮೇಡಂ ಕೈ ಕಡ್ಡಿಯಾಗಿದೆ. ಚಿಪ್ಪು ಕೊಟ್ಟೆ. ನೋಡಲೇ ಇಲ್ಲ, ಹೆಬ್ಬೆರಳು ಸೀದಾ ಕೀಲಿಗೇ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು.

“ಗೆರೆ ಎಣಿಸಿದ್ರಾ?”

“ಅರವತ್ತೆರಡು.”

“ನನಗಿಂತ ಒಂದು ವರ್ಷ ದೊಡ್ಡದು.” ಆಮೇಲೆ, “ಒಂದನ್ನ ತೆರೆದು ನೋಡಬೇಕಿತ್ತು.”

“ನೀವೇ ಬೇಡ ಅಂದಿದ್ರಿ.”

“ಹೌದು, ಅಂದಿದ್ದೆ.”

ನರ್ಸ್ ಬಂದು ಟೈಮ್ ಆಯ್ತು ಅಂದಳು. ಚಿಪ್ಪು ವಾಪಸ್ ಕೊಡಲಿಲ್ಲ ಮೇಡಂ. ನಾನೂ ಕೇಳಲಿಲ್ಲ.

ಮೇ 11, ಬೆಳಗ್ಗೆ 7

ನಿನ್ನೆ ಮೇಡಂ ತೀರಿಕೊಂಡರು. ಅವರ ಮಗಳು ಫೋನ್ ಮಾಡಿದ್ದಳು. ಮಲಗಲಿಲ್ಲ. ಐದಕ್ಕೇ ನದಿಗೆ ಹೋದೆ, ಯಂತ್ರ ಶುರುವಾಗೋ ಮೊದಲು. ಯಾಕೆ ಅಂತ ಗೊತ್ತಿಲ್ಲ. ಕೆಲಸಕ್ಕೆ ಹಗ್ಗ ಕಟ್ಟಿದ ಜಾಗದಿಂದಾಚೆ, ಬಂಡೆಯ ಬುಡದಲ್ಲಿ ಕೈಗೆ ತಗುಲಿತು. ಜೀವ ಇದೆ. ಈ ಸಲ ಮುಟ್ಟಿದ ತಕ್ಷಣ ಗೊತ್ತಾಯಿತು, ಹಲ್ಲುಚಿಪ್ಪು— ಕೈಗೆ ಈಗ ಗುರುತು ಸಿಗುತ್ತೆ.

ಅದನ್ನು ಅಂಗೈ ಮೇಲೆ ನೀರೊಳಗೇ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು, ಬಿಳೀ ಪಾದ ಚಾಚಿ ನನ್ನ ಬೆರಳ ಸಂದಿಯಲ್ಲಿ ಮರಳು ಹುಡುಕಿತು. ಮೀನಿಲ್ಲ. ಜೊತೆಯಿಲ್ಲ. ಇನ್ನೂ ಇಪ್ಪತ್ತು ವರ್ಷ ಹೀಗೇ ಇರಬಹುದು, ಒಂದೇ. ಇದ್ದಲ್ಲೇ ಹೂತು ಬಂದೆ.

ಇವತ್ತಿನ ಎಣಿಕೆ: ಜೀವ ಇರುವುದು, ಒಂದು. ಗೆರೆ, ಎಣಿಸಲಿಲ್ಲ. ಯಾರಿಗೆ ತಿಳಿಸಬೇಕು ಅಂದರೆ, ಮೇಡಂಗೆ—